ತೆಟ್ಟೆ ಕೂತ ಹೊತ್ತು

"ಅಷ್ಟು ದೊಡ್ಡ ಮನುಷ್ಯನನ್ನ ಎಲ್ಲಿ ಅಂತ ಇಟ್ಟುಕೊಂಡಿದ್ದಾವೋ ಈ ಮೀನುಗಳು?"

ನೀಲಕ್ಕ ಇದನ್ನು ಯಾರನ್ನೂ ಕೇಳಿದ್ದಲ್ಲ. ಹೊಳೆ ದಾಟುವ ಕಡವಿನ ಕೊನೆಯ ಮೆಟ್ಟಿಲ ಮೇಲೆ ಕೂತು ಗಂಜಿ ಪಾತ್ರೆ ತಿಕ್ಕುತ್ತಿದ್ದವಳ ಕೈ ಬೂದಿ ಮೆತ್ತಿಕೊಂಡು ಹಾಗೇ ನಿಂತಿತ್ತು. ಅದೇ ಮೆಟ್ಟಿಲ ಈಚೆ ತುದಿಯಲ್ಲಿ ನಾನಿದ್ದೆ. ದೋಣಿಯ ಹುಟ್ಟಿನ ಅಗಲ ತುದಿಯನ್ನು ನೀರಿಗೆ ಇಳಿಬಿಟ್ಟು ಹಿಡಿಗೆ ಕಿವಿ ಆನಿಸಿಕೊಂಡಿದ್ದೆ. ಅವಳ ಗಂಡ ಜಟ್ಟಿ ಹೊಳೆಯಲ್ಲಿ ಹೋಗಿ ಆಗ ನಲವತ್ತೊಂದು ದಿನ. ಅವಳು ಮತ್ತೆ ಪಾತ್ರೆ ತಿಕ್ಕತೊಡಗಿದಳು. ನಾನು ಕಣ್ಣು ಮುಚ್ಚಿಕೊಂಡು, ಏನೂ ಕೇಳಿಸದವನ ಹಾಗೆ ಕೂತೆ. ಕೇಳುವುದೇ ನನ್ನ ಕೆಲಸ ಅನ್ನುವುದು ಊರಿಗೆಲ್ಲ ಗೊತ್ತಿದ್ದ ವಿಷಯ.

ನಮ್ಮೂರಿನಲ್ಲಿ ಮೀನಿನ ಹಿಂಡಿಗೂ ಮೊಣಕಾಲುದ್ದದ ನೀರಿಗೂ ತೆಟ್ಟೆ ಅಂತ ಒಂದೇ ಹೆಸರು. ಎರಡು ಬೇರೆ ಬೇರೆ ಹೆಸರು ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಸಮುದ್ರದ ಕಡೆಯಿಂದ ಮೀನು ಅಳಿವೆಯೊಳಗೆ ಬಂದು ಒತ್ತಾಗಿ ಕೂತರೆ ನೀರು ಮೊಣಕಾಲಿಗಿಳಿಯುತ್ತದೆ, ಕಾಲಿಗೆ ತಳ ಸಿಗುತ್ತದೆ. ಆಗ ಊರವರು ಹೊಳೆ ಹಾಯುತ್ತಾರೆ. ಪೇಟೆ, ಶಾಲೆ, ಆಸ್ಪತ್ರೆ ಎಲ್ಲ ಇರುವುದು ಆಚೆ ದಡದಲ್ಲಿ. ತೆಟ್ಟೆ ಎದ್ದು ಹೋಯಿತೆಂದರೆ ಅದೇ ಜಾಗದಲ್ಲಿ ಎರಡು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸುವಷ್ಟು ಆಳ. ದೋಣಿ ಯಾಕೆ ಇಟ್ಟಿಲ್ಲ ಅಂತ ಹೊರಗಿನವರು ಕೇಳುವುದುಂಟು. ಇಟ್ಟಿದ್ದೇವೆ ಮಾರಾಯ್ರೆ, ಮೂರು ದೋಣಿ ಇದೇ ಹೊಳೆಯಲ್ಲಿವೆ, ಎಲ್ಲಿವೆ ಅಂತ ಮಾತ್ರ ಕೇಳಬೇಡಿ ಅಂತ ನಮ್ಮ ಹಮ್ಮಣ್ಣ ಒಡೆಯರು ಉತ್ತರ ಕೊಡುತ್ತಿದ್ದರು. ಊರಿನ ಹಿರಿಯರು ಅವರು.

ತೆಟ್ಟೆಯಲ್ಲಿ ನಡೆಯುವಾಗ ಪಾದ ಎತ್ತುವ ಹಾಗಿಲ್ಲ, ಜಾರಿಸಿಕೊಂಡು ಹೋಗಬೇಕು. ಎತ್ತಿ ಇಟ್ಟರೆ ಮೀನು ತುಳಿದ ಹಾಗಾಗುತ್ತದೆ. ಹೆಂಗಸರು ಕಾಲುಂಗುರಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಾರೆ, ಹೊಳಪು ಕಂಡರೆ ಅವು ಬಾಯಿ ಹಾಕುತ್ತವೆ. ಭಾರ ಹೊತ್ತವನು ಸಾಲಿನ ಕೊನೆಗೆ. ಕೆಳಗೆ ನೋಡುವುದು ಯಾರಿಗೂ ಇಷ್ಟವಿಲ್ಲ. ಕಾಲಿಗೆ ಸಿಗುವ ಆ ತಳ ಮರಳಿನ ಹಾಗಿಲ್ಲ, ಕೆಸರಿನ ಹಾಗೂ ಇಲ್ಲ. ಅದು ಬೆಚ್ಚಗಿರುತ್ತದೆ. ಅದರ ವಿಷಯ ಮನೆಗಳಲ್ಲಿ ಮಾತಾಡುವುದಿಲ್ಲ.

ತೆಟ್ಟೆ ಕೂತಿದೆಯೋ ಇಲ್ಲವೋ ಅಂತ ಕೇಳಿ ಹೇಳುವವನಿಗೆ ಕಿವಿಗಾರ ಅನ್ನುತ್ತಾರೆ. ನಮ್ಮಪ್ಪ ಕಿವಿಗಾರ, ಅವನ ನಂತರ ನಾನು. ಹುಟ್ಟಿನ ಹಿಡಿಯಲ್ಲಿ ಮೊದಲು ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಹಿಂಡು ಹತ್ತಿರವಾದಂತೆ ಅಕ್ಕಿ ತೊಳೆದ ಸದ್ದು. ಪೂರಾ ಕೂತಾಗ ದೇವಸ್ಥಾನದ ಪೌಳಿಯಲ್ಲಿ ನೂರು ಜನ ಬಾಯೊಳಗೇ ಜಪ ಮಾಡಿದ ಹಾಗೆ. ಆಗ ನಾನು ಕೈ ಎತ್ತಿ ದೇವರ ಪದ ಶುರು ಮಾಡುತ್ತೇನೆ. ಪದ ಹನ್ನೆರಡು. ಒಂದು ಪದಕ್ಕೆ ನಾಲ್ಕು ಸಾಲು, ಸಾಲಿಗೆ ಆರು ಹೆಜ್ಜೆ. ಹನ್ನೆರಡನೆಯ ಪದ ಮುಗಿಯುವಾಗ ಕೊನೆಯವನ ಕಾಲು ಆಚೆ ದಡದ ಕಲ್ಲಿನ ಮೇಲಿರಬೇಕು. ನಡುವೆ ಎಲ್ಲಾದರೂ ಮೀನು ತೆಳುವಾಗಿ ಎದುರಿಗೆ ಗುಂಡಿ ಬಿದ್ದದ್ದು ಕೇಳಿದರೆ ಕಿವಿಗಾರ ಅದೇ ಸಾಲನ್ನು ಇನ್ನೊಮ್ಮೆ ಹೇಳುತ್ತಾನೆ. ತಿರುಗಿ ಹೇಳಿದ ಸಾಲಿಗೆ ಹೆಜ್ಜೆ ಇಡುವ ಹಾಗಿಲ್ಲ. ಇದ್ದಲ್ಲೇ ನಿಲ್ಲಬೇಕು, ಮುಂದಿನ ಸಾಲು ಬರುವವರೆಗೆ. ಮೂರು ವರ್ಷದ ಕೂಸಿಗೂ ಇದು ಗೊತ್ತು.

ಆ ಪದಗಳನ್ನು ನನಗೆ ಕಲಿಸಿದ್ದು ಅಪ್ಪನಲ್ಲ, ಅಜ್ಜಿ. ನಾನು ಆರು ವರ್ಷದವರೆಗೆ ಮಾತಾಡಿರಲಿಲ್ಲವಂತೆ. ಅಜ್ಜಿ ಬೆಳಿಗ್ಗೆ ದೇವರ ಮುಂದೆ ಕೂತು ಪದ ಹೇಳುವಾಗ ನಾನು ಅವಳ ಬೆನ್ನಿಗೆ ಕಿವಿಯಿಟ್ಟು ಒರಗಿರುತ್ತಿದ್ದೆ. ಮಾತು ಬಾಯಿಂದ ಹೊರಡುವ ಮೊದಲೇ ನನ್ನ ಕಿವಿಗೆ ಬರುತ್ತಿತ್ತು. ಏಳನೆಯ ಪದದಲ್ಲಿ ಒಂದು ಸಾಲಿದೆ. ನಿನ್ನ ಬೆನ್ನ ಮೇಲೆ ನನ್ನ ಭಾರವೆಷ್ಟು ತಾಯೆ. ಅಜ್ಜಿ ಅಲ್ಲಿಗೆ ಬಂದಾಗ ಬಿಡುತ್ತಿರಲಿಲ್ಲ, ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು, ಬೆನ್ನು ನಡುಗುತ್ತಿತ್ತು. ಮನೆಯ ದೇವರ ಮುಂದೆ ಎಷ್ಟು ಸಲ ಹೇಳಿದರೂ ಅಡ್ಡಿಯಿಲ್ಲ.

ಜಟ್ಟಿ ಹೋದ ದಿನ ಸಾಲಿನಲ್ಲಿ ಹನ್ನೆರಡು ಜನ ಇದ್ದರು, ಪೇಟೆಗೆ ಉಪ್ಪು ಹೊತ್ತವರು. ಜಟ್ಟಿಯ ತಲೆಯ ಮೇಲೆ ಎರಡು ಮೂಟೆ, ಹಾಗಾಗಿ ಅವನೇ ಕೊನೆ. ನೀರಿಗಿಳಿಯುವ ಮೊದಲು ನನ್ನನ್ನು ಕೆಣಕಿದ. ಕುಪ್ಪಾ, ದಿನಾ ನೀ ಹೇಳೂದು ಕೇಳಿದ್ರೆ ಮೀನಿಗೂ ಆಕಳಿಕೆ ಬರ್ತದೆ ಮಾರಾಯ, ಇವತ್ತಾದ್ರೂ ಸ್ವಲ್ಪ ಭಕ್ತಿ ಹಾಕಿ ಹೇಳು ಅಂದ. ಎಲ್ಲರೂ ನಕ್ಕರು. ನನಗೂ ನಗು ಬಂತು. ಅವತ್ತು ಬೆಳಿಗ್ಗೆ ಇಬ್ಬನಿ ಹರಿದು ಎಳೆ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ನಾನು ನಿಜಕ್ಕೂ ಮನಸ್ಸಿಟ್ಟು ಹೇಳಿದೆ. ಏಳನೆಯ ಪದಕ್ಕೆ ಬಂದಾಗ ಅಜ್ಜಿಯ ಬೆನ್ನು ಕಿವಿಗೆ ಸಿಕ್ಕ ಹಾಗಾಯಿತು. ಆ ಸಾಲು ಹೇಳಿದೆ. ಇನ್ನೊಮ್ಮೆ ಹೇಳಿದೆ. ಮತ್ತೆ ಹೇಳಿದೆ. ಹುಟ್ಟನ್ನು ಯಾವಾಗ ಮಡಿಲಲ್ಲಿ ಮಲಗಿಸಿದೆನೋ, ಕೈ ಯಾವಾಗ ಮುಗಿದೆನೋ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಹನ್ನೆರಡು ಜನ ಹೊಳೆಯ ನಡುವೆ ಅಲುಗಾಡದೆ ನಿಂತಿದ್ದರು, ಎದುರಿಗೆ ಗುಂಡಿ ಇದೆ ಅಂತ ನನ್ನನ್ನು ನಂಬಿಕೊಂಡು.

ಎಂಟನೆಯ ಪದ ಹಿಡಿದೆ. ಹನ್ನೆರಡನೆಯದು ಮುಗಿಯುವ ಮೊದಲೇ ತೆಟ್ಟೆ ಎದ್ದಿತು. ಅದು ಎಂದಿನ ಹೊತ್ತಿಗೇ ಎದ್ದಿತು. ಮುಂದಿದ್ದವರು ಸೊಂಟದ ನೀರಿನಲ್ಲಿ ಬಿದ್ದೆದ್ದು ದಡ ಹತ್ತಿದರು. ಜಟ್ಟಿಗೆ ಉಳಿದದ್ದು ಹತ್ತು ಹೆಜ್ಜೆ. ಅವನು ಕೂಗಲೂ ಇಲ್ಲ. ಎರಡು ಮೂಟೆ ನೀರಿನ ಮೇಲೆ ಒಂದು ಗಳಿಗೆ ಕಂಡವು, ತಲೆ ಇನ್ನೂ ಕೆಳಗಿದೆ ಅನ್ನುವ ಹಾಗೆ. ಆಮೇಲೆ ಅವೂ ಇಲ್ಲ.

ಊರು ಏನು ತಿಳಿದುಕೊಂಡಿತು ಅಂದರೆ, ನಡುವೆ ದೊಡ್ಡ ಗುಂಡಿ ಬಿದ್ದಿತ್ತು, ಕುಪ್ಪ ಅಷ್ಟು ಸಲ ತಡೆದು ನಿಲ್ಲಿಸಿದ್ದರಿಂದ ಹನ್ನೊಂದು ಜನ ಉಳಿದರು ಅಂತ. ಹಮ್ಮಣ್ಣ ಒಡೆಯರು ನನ್ನ ಹೆಗಲ ಮೇಲೆ ಕೈಯಿಟ್ಟು, ಗುಂಡಿ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಕೇಳಿದರು. ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ, ಅವರು ಎಡಕ್ಕೆ ಅಂದುಕೊಂಡರು. ಉಳಿದ ಹನ್ನೊಂದು ಮನೆಗಳಿಂದ ನನಗೆ ಅಕ್ಕಿ, ತೆಂಗಿನಕಾಯಿ, ಒಂದು ಹೊಸ ಪಂಚೆ ಬಂತು. ಅಕ್ಕಿಯನ್ನು ಬೇಯಿಸಿ ಉಂಡೆ. ಬೇರೇನು ಮಾಡಬೇಕಿತ್ತು ಅಂತ ಇವತ್ತಿಗೂ ತಿಳಿದಿಲ್ಲ.

ಕಿವಿಗಾರನ ತಪ್ಪು ಅಂತ ಅನ್ನಿಸಿದರೆ ಹೇಳುವುದಕ್ಕೊಂದು ಕ್ರಮವಿದೆ. ಜೀವ ಹೋದ ಮನೆಯವರು ಹದಿಮೂರು ದಿನ ಕಳೆದ ಮೇಲೆ ಬಂದು ಅವನ ಕೈಯಿಂದ ಹುಟ್ಟು ತೆಗೆದುಕೊಂಡು ಹೋಗಬೇಕು. ಅಷ್ಟಾದರೆ ಅವನು ಮತ್ತೆ ಕಡವಿಗೆ ಬರುವ ಹಾಗಿಲ್ಲ. ಬೇರೆ ಯಾರೂ ಅವನನ್ನು ತೆಗೆಯಲಾರರು, ತಾನಾಗಿ ಅವನೂ ಬಿಡಲಾರ. ಹದಿಮೂರು ಕಳೆಯಿತು, ಹದಿನಾಲ್ಕು ಕಳೆಯಿತು. ನೀಲಕ್ಕ ಬರಲಿಲ್ಲ. ನಲವತ್ತೊಂದನೆಯ ದಿನ ನನ್ನ ಪಕ್ಕದಲ್ಲೇ ಕೂತು ಪಾತ್ರೆ ತೊಳೆದು ಎದ್ದು ಹೋದಳು.

ಈ ನಡುವೆ ತೆಟ್ಟೆಯೂ ಸರಿಯಿರಲಿಲ್ಲ. ಅಪ್ಪನ ಕಾಲದಲ್ಲಿ ಹನ್ನೆರಡು ಪದ ಎರಡಾವರ್ತಿ ಹೇಳಿದರೂ ಅಲುಗದೆ ಕೂರುತ್ತಿತ್ತು. ಈಗ ಒಂದಾವರ್ತಿ ನಿಂತರೆ ಹೆಚ್ಚು. ಹುಟ್ಟಿನ ಹಿಡಿಯಲ್ಲಿ ಜಪದ ಕೆಳಗೆ ಇನ್ನೊಂದು ಕೇಳತೊಡಗಿತ್ತು. ಅದನ್ನು ಸದ್ದು ಅನ್ನುವುದು ಕಷ್ಟ. ಬಾವಿಯ ಬಾಯಿಗೆ ಕಿವಿ ಕೊಟ್ಟರೆ ಏನೂ ಇಲ್ಲದ್ದು ಹೇಗೆ ಕೇಳುತ್ತದೋ ಹಾಗೆ. ಜನ ಇಳಿದಾಗ ಅದು ಮೇಲಕ್ಕೆ ಬರುತ್ತಿತ್ತು, ಜನ ಹತ್ತಿದ ಮೇಲೆ ಕೆಳಗೆ ಹೋಗುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಕ್ಕಳು ಶಾಲೆಗೆ ಹೋಗುವುದು ಹೇಗೆ? ಏಳನೆಯ ಪದ ಬಂತೆಂದರೆ ಹಲ್ಲು ಕಚ್ಚಿಕೊಂಡು ದಾಟುತ್ತಿದ್ದೆ.

ಐವತ್ತನೆಯ ದಿನವೋ ಐವತ್ತೊಂದೋ, ಮಧ್ಯಾಹ್ನದ ಊಟದ ಹೊತ್ತಿಗೆ ನೀಲಕ್ಕನ ಮಗಳು ಪಾರ್ತಿಗೆ ನೋವು ಶುರುವಾಯಿತು. ಅವಳಿಗೆ ಎಂಟು ತಿಂಗಳು ತುಂಬಿತ್ತು, ಅಷ್ಟೆ. ಊರಿನ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿದವಳೇ ಕೈ ತೊಳೆದುಕೊಂಡಳಂತೆ. ಮಗು ಅಡ್ಡ ಕೂತಿದೆ, ನನ್ನಿಂದಾಗುವುದಲ್ಲ, ಆಚೆ ದಡಕ್ಕೆ ಮುಟ್ಟಿಸಿ, ಸಂಜೆಯೊಳಗೆ ಮುಟ್ಟಿಸದಿದ್ದರೆ ಇಬ್ಬರೂ ಉಳಿಯುವುದಿಲ್ಲ ಅಂದಳಂತೆ. ಪಾರ್ತಿಯ ಗಂಡ ದೇವು ಓಡಿ ಬಂದು ನನಗೆ ಹೇಳಿದ. ಅವನ ಬಾಯಿಂದ ಮಾತು ತುಂಡು ತುಂಡಾಗಿ ಬರುತ್ತಿತ್ತು. ನಾನು ಹುಟ್ಟು ಇಳಿಬಿಟ್ಟು ಕೂತೆ. ಸಾಸಿವೆ ಸಿಡಿಯುವುದು ಕೇಳಿತು. ಬರುತ್ತಿದ್ದವು.

ಸ್ವಲ್ಪ ಹೊತ್ತಿಗೆ ದೇವು ಹೆಂಡತಿಯನ್ನು ಬೆನ್ನಿಗೆ ಹಾಕಿಕೊಂಡು ಬಂದ. ಅವಳ ಕೈ ಅವನ ಕೊರಳ ಸುತ್ತ ಬಿಗಿದಿತ್ತು, ಮುಖ ಸುಣ್ಣದ ಗೋಡೆಯ ಹಾಗಿತ್ತು. ಹಿಂದೆ ನೀಲಕ್ಕ. ಊರವರು ಹತ್ತಿಪ್ಪತ್ತು ಜನ ಮೆಟ್ಟಿಲ ಮೇಲೆ ಸೇರಿದರು. ಹಮ್ಮಣ್ಣ ಒಡೆಯರು, ಹೆದರಬೇಡಿ, ಕುಪ್ಪ ಇದ್ದಾನೆ, ಹನ್ನೊಂದು ಜನರನ್ನು ಉಳಿಸಿದ ಕಿವಿ ಅದು ಅಂದರು. ಅದನ್ನು ಕೇಳಿದ ಮೇಲೆ ನನ್ನಿಂದ ಕೂರಲಾಗಲಿಲ್ಲ. ಹುಟ್ಟನ್ನು ಬೀರನ ಕೈಗೆ ಕೊಟ್ಟೆ. ಬೀರ ನನ್ನ ಚಿಕ್ಕಪ್ಪನ ಮಗ, ಅವನಿಗೆ ಹನ್ನೆರಡೂ ಪದ ಬಾಯಿಗೆ ಬರುತ್ತದೆ, ಕಿವಿ ಮಾತ್ರ ಅಷ್ಟಕ್ಕಷ್ಟೆ. ನೀಲಕ್ಕನನ್ನು ಮೆಟ್ಟಿಲ ಮೇಲಿನ ಕಟ್ಟೆಯ ಆಚೆ ಕರೆದುಕೊಂಡು ಹೋದೆ. ಅಲ್ಲಿ ಯಾರಿಗೂ ನಮ್ಮ ಮಾತು ಕೇಳುತ್ತಿರಲಿಲ್ಲ.

"ಬೀರ ಹೇಳಲಿ ನೀಲಕ್ಕ. ನನ್ನ ಬಾಯಿ ನಂಬಿ ನೀರಿಗಿಳಿಯಬೇಡ," ಅಂದೆ. "ಅವತ್ತು ಗುಂಡಿ ಇರಲಿಲ್ಲ. ನಾನೇ ಆ ಸಾಲನ್ನ ಮೂರು ಸಲ ಹೇಳಿದೆ. ಸುಮ್ಮನೆ ಹೇಳಿದೆ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ನಾಲ್ಕು," ಅಂದಳು.

ಏನು ನಾಲ್ಕು ಅಂತ ಕೇಳಿದೆ.

"ನಾಲ್ಕು ಸಲ ಹೇಳಿದ್ದೀ. ನಾನು ಈ ಕಟ್ಟೆ ಮೇಲೇ ಇದ್ದೆ. ನಿನ್ನ ಕಿವಿ ಹುಟ್ಟಿನ ಮೇಲೆ ಇರಲಿಲ್ಲ ತಮ್ಮಾ. ನೀನು ಕೈ ಮುಗಿದುಕೊಂಡಿದ್ದೆ."

ಆಮೇಲೆ ಅವಳು ಬಗ್ಗಿ ಕಾಲುಂಗುರಕ್ಕೆ ಸುತ್ತಿದ್ದ ಬಟ್ಟೆಯ ಗಂಟನ್ನು ಎಳೆದು ನೋಡಿದಳು. ಎದ್ದು, ಬೀರನಿಗೆ ಕಿವಿ ಇಲ್ಲ, ನನ್ನ ಮಗಳನ್ನ ದಾಟಿಸು, ಉಳಿದ ಮಾತು ಆಮೇಲೆ ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಹೋಗಿ ಕೂತೆ. ಜಪ ಕೇಳುತ್ತಿತ್ತು, ಆದರೆ ನೂರು ಜನರದ್ದಲ್ಲ. ಐವತ್ತು ಅನ್ನಿ. ಕೆಳಗಿನ ಆ ಬಾವಿ ಆಗಲೇ ಎದ್ದು ಕೂತಿತ್ತು. ಇಷ್ಟು ತೆಳು ತೆಟ್ಟೆಯಲ್ಲಿ ಬೇರೆ ದಿನವಾಗಿದ್ದರೆ ಯಾರನ್ನೂ ಇಳಿಸುತ್ತಿರಲಿಲ್ಲ. ಪಾರ್ತಿ ಒಮ್ಮೆ ನರಳಿದಳು. ಕೈ ಎತ್ತಿದೆ.

ಮೊದಲು ನೀಲಕ್ಕ, ಹಿಂದೆ ಭಾರ ಹೊತ್ತ ದೇವು. ಮೊದಲಿನ ಮೂರು ಪದ ನೆಟ್ಟಗೆ ಹೋಯಿತು. ಅವರ ಪಾದ ಜಾರುವುದು ಹಿಡಿಯಲ್ಲಿ ಕೇಳುತ್ತಿತ್ತು, ಮೀನು ಸರಿದು ಜಾಗ ಬಿಡುವುದು ಕೇಳುತ್ತಿತ್ತು. ನಾಲ್ಕನೆಯ ಪದದಲ್ಲಿ ದೇವು ಇದ್ದಕ್ಕಿದ್ದ ಹಾಗೆ ನಿಂತ. ಪಾರ್ತಿಗೆ ನೋವು ಬಂದಿತ್ತು, ಅವಳು ಬೆನ್ನ ಮೇಲೆ ಸೆಟೆದುಕೊಂಡಳು. ಪದ ಮುಂದೆ ಹೋಯಿತು, ಅವರು ಅಲ್ಲೇ ಇದ್ದರು. ಒಂದು ಸಾಲು, ಎರಡು ಸಾಲು. ನೀಲಕ್ಕ ತಿರುಗಿ ಅಳಿಯನಿಗೆ ಏನೋ ಅಂದಳು, ದಡಕ್ಕೆ ಕೇಳಲಿಲ್ಲ. ಅವನು ಮತ್ತೆ ಕಾಲು ಜಾರಿಸಿದ. ಹನ್ನೆರಡು ಹೆಜ್ಜೆ ಹಿಂದೆ ಬಿದ್ದಿದ್ದರು. ಅದನ್ನು ತುಂಬಿಸಿಕೊಡುವ ಸಾಲು ನನ್ನಲ್ಲಿರಲಿಲ್ಲ.

ಆರನೆಯ ಪದದಲ್ಲಿ ಗುಂಡಿ ಕೇಳಿತು. ಕೇಳಿತೋ, ಕೇಳಿದ ಹಾಗಾಯಿತೋ. ನೀಲಕ್ಕನ ಎದುರಿಗೆ, ಒಂದು ಮಾರು ದೂರದಲ್ಲಿ ಜಪ ತೂತು ಬಿದ್ದ ಹಾಗೆ. ಐವತ್ತು ದಿನದಿಂದ ಹೆದರಿದ ಕಿವಿ ಅದು, ಇಲ್ಲದ್ದನ್ನೂ ಕೇಳುತ್ತಿತ್ತು. ನಿಲ್ಲಿಸಿದರೆ ಹೊತ್ತು ಹೋಗುತ್ತದೆ. ನಿಲ್ಲಿಸದಿದ್ದರೆ ಅವಳು ಇನ್ನು ಮೂರು ಹೆಜ್ಜೆಗೆ ಅದರೊಳಗೆ. ಆಗ ಬಾಯಲ್ಲಿದ್ದ ಸಾಲು ನನಗೆ ಯಾವತ್ತೂ ಇಷ್ಟವಾದದ್ದಲ್ಲ, ಬಳೆಗಾರನ ಗಂಟಿನ ವರ್ಣನೆ. ಅದನ್ನೇ ಇನ್ನೊಮ್ಮೆ ಹೇಳಿದೆ.

ನೀಲಕ್ಕ ನಿಂತಳು. ಕತ್ತು ತಿರುಗಿಸಿ ದಡದ ಕಡೆ ನೋಡಿದಳು. ಅಷ್ಟು ದೂರದಿಂದ ಅವಳಿಗೆ ಕಾಣುವುದು ಒಂದೇ, ನನ್ನ ಕೈ ಎಲ್ಲಿದೆ ಅಂತ. ಎರಡೂ ಕೈಯಲ್ಲಿ ಹುಟ್ಟನ್ನು ಬಿಗಿಯಾಗಿ ಹಿಡಿದಿದ್ದೆ. ಅವಳು ಮುಂದಕ್ಕೆ ತಿರುಗಿಕೊಂಡು ಕಾದಳು. ಅವಳ ಎದುರಿಗೆ ನೀರಿನ ಬಣ್ಣ ಕಪ್ಪಾಯಿತು, ಒಂದು ಚಾಪೆಯಗಲ. ಮೆಟ್ಟಿಲ ಮೇಲೆ ನಿಂತವರಲ್ಲಿ ಯಾರೋ ದೇವರೇ ಅಂದರು. ಆಮೇಲೆ ಎಡಗಡೆಯಿಂದ ಮೀನು ಸರಿದು ಬಂದು ಆ ಕಪ್ಪು ನಿಧಾನಕ್ಕೆ ಬೆಳ್ಳಗಾಯಿತು. ಮುಂದಿನ ಸಾಲು ಹೇಳಿದೆ.

ಏಳನೆಯ ಪದ ಬಂತು, ಹೋಯಿತು. ಆ ಸಾಲನ್ನು ಹೇಳಿದೆನೋ ಇಲ್ಲವೋ ನೆನಪಿಲ್ಲ, ಹೇಳಿರಬೇಕು, ಅವರು ಆರು ಹೆಜ್ಜೆ ನಡೆದಿದ್ದರು. ಒಂಬತ್ತರಲ್ಲಿ ನೀರು ಮೊಣಕಾಲು ಬಿಟ್ಟು ತೊಡೆಗೆ ಬಂತು. ಹತ್ತರಲ್ಲಿ ಜಪ ಒಬ್ಬೊಬ್ಬರಾಗಿ ಎದ್ದು ಹೋಗತೊಡಗಿತು. ಹನ್ನೊಂದರಲ್ಲಿ ದೇವುವಿನ ಎದೆಯವರೆಗೆ ನೀರು. ಅವನು ಪಾರ್ತಿಯನ್ನು ಬೆನ್ನಿಂದ ಹೆಗಲ ಮೇಲಕ್ಕೆ ನೂಕಿಕೊಂಡ. ನನ್ನ ಹುಟ್ಟಿನಲ್ಲಿ ಉಳಿದದ್ದು ಬಾವಿ ಮಾತ್ರ. ಪದ ನಿಲ್ಲಿಸಲಿಲ್ಲ. ಹೆಜ್ಜೆಯ ಲೆಕ್ಕ ಬಿಟ್ಟು ಮುನ್ನುಗ್ಗಿದ ನೀಲಕ್ಕ ಹನ್ನೆರಡನೆಯ ಪದದ ಎರಡನೆಯ ಸಾಲಿಗೆ ಕಲ್ಲು ಹತ್ತಿ ತಿರುಗಿ ಸೆರಗು ಎಸೆದಳು. ದೇವು ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಆಚೆ ದಡದ ಜನ ಓಡಿ ಬಂದು ಎಳೆದುಕೊಂಡರು. ನಾಲ್ಕನೆಯ ಸಾಲನ್ನು ಖಾಲಿ ಹೊಳೆಗೆ ಹೇಳಿ ಮುಗಿಸಿದೆ.

ಹೆಣ್ಣು ಕೂಸು, ಒಂದು ಅಂಗೈ ಮೇಲೆ ಮಲಗಿಸುವಷ್ಟೆ ಇದೆ, ಆದರೆ ಅಳುವುದು ಜೋರು, ತಾಯಿಯೂ ಉಳಿದಳು ಅಂತ ಮಾರನೆಯ ದಿನ ಪೇಟೆಯಿಂದ ಬಂದವರು ಹೇಳಿದರು. ಊರು ಮತ್ತೆ ನನ್ನನ್ನು ಹೊಗಳಿತು. ಈ ಸಲ ನಿಜವಾಗಿ ಒಂದು ಗುಂಡಿ ಇದ್ದದ್ದರಿಂದ ಹಳೆಯ ಗುಂಡಿಯೂ ಇನ್ನಷ್ಟು ನಿಜವಾಯಿತು. ಹಮ್ಮಣ್ಣ ಒಡೆಯರು ಎರಡಕ್ಕೂ ಒಂದೇ ಜಾಗ ತೋರಿಸಿ ಮಕ್ಕಳಿಗೆ ಹೇಳುತ್ತಿದ್ದರು.

ಆರನೆಯ ದಿನ ಬೆಳಗಿನ ತೆಟ್ಟೆಗೆ ನೀಲಕ್ಕ ಒಬ್ಬಳೇ ಹಿಂದಿರುಗಿದಳು. ಮಗಳ ಬಟ್ಟೆಬರೆ ಒಯ್ಯಲಿಕ್ಕೆ ಬಂದವಳು. ಈಚೆ ಮೆಟ್ಟಿಲ ಮೇಲೆ ಶಾಲೆಯ ಮಕ್ಕಳು ಹದಿನೇಳು ಜನ ಹಗ್ಗ ಹಿಡಿದುಕೊಂಡು ಸಾಲು ನಿಲ್ಲುತ್ತಿದ್ದರು, ಸಂಜೆಯ ತೆಟ್ಟೆ ನೆಚ್ಚಿಕೊಳ್ಳುವ ಹಾಗಿಲ್ಲ, ಬೇಗ ಹೋಗಿ ಬೇಗ ಬನ್ನಿ ಅಂತ ತಾಯಂದಿರು ಗದರುತ್ತಿದ್ದರು. ನಾನು ಎದ್ದು ನೀಲಕ್ಕನ ಹಿಂದೆ ಹೋದೆ. ಕಟ್ಟೆಯ ಹತ್ತಿರ ತಡೆದು ಹುಟ್ಟನ್ನು ಅಡ್ಡ ಹಿಡಿದು ಎದುರಿಗೆ ನೀಡಿದೆ. ಇದಿಷ್ಟು ತೆಗೆದುಕೊಂಡು ಹೋಗು, ನಾನಾಗಿ ಬಿಡುವ ಹಾಗಿಲ್ಲ, ಊರು ನನ್ನನ್ನು ತೆಗೆಯುವುದಿಲ್ಲ, ನೀನೊಬ್ಬಳೇ ತೆಗೆಯಬಹುದು ಅಂದೆ. ಕೆಳಗೆ ಬಾವಿ ಏಳುತ್ತಿದೆ, ಒಂದು ದಿನ ಅದು ಮಕ್ಕಳ ಕಾಲಿಗೆ ಬರುತ್ತದೆ, ಅವತ್ತು ಪದ ನನ್ನ ಬಾಯಲ್ಲಿರುವುದು ಬೇಡ ಅಂತಲೂ ಅಂದೆ. ಅಜ್ಜಿ ಹೋದ ಮೇಲೆ ನಾನು ಒಬ್ಬರ ಎದುರು ಅಷ್ಟು ಮಾತಾಡಿದ್ದಿಲ್ಲ. ಪದ ಹೇಳುವಾಗ ಈಗ ದೇವರು ಬರುವುದಿಲ್ಲ ನೀಲಕ್ಕ, ಬರೀ ಹೆದರಿಕೆ ಬರುತ್ತದೆ ಅಂದೆ.

ಅವಳು ಹುಟ್ಟನ್ನು ನೋಡಿದಳು, ಮುಟ್ಟಲಿಲ್ಲ.

"ಮೊನ್ನೆ ಕಂಡೆ," ಅಂದಳು. "ಹೆದರಿದಾಗ ನಿನ್ನ ಕಿವಿ ಎಲ್ಲೂ ಹೋಗೂದಿಲ್ಲ. ದೇವರು ಬಂದಾಗಲೇ ನನ್ನ ಗಂಡ ಹೋದದ್ದು."

ಮೆಟ್ಟಿಲ ಕಡೆಯಿಂದ ಯಾರೋ, ಕುಪ್ಪಣ್ಣ, ಮಕ್ಕಳಿಗೆ ಹೊತ್ತಾಯ್ತು ಅಂತ ಕರೆದರು. ನಾನು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ನಿನ್ನ ಕಾಲಿಗೆ ಬೀಳ್ತೇನೆ, ತಗೋ ಅಂದೆ.

"ತಗೊಳ್ಳೂದಿಲ್ಲ," ಅಂದಳು ನೀಲಕ್ಕ. "ಇವತ್ತೂ ಇಲ್ಲ, ಇನ್ನು ಯಾವತ್ತೂ ಇಲ್ಲ. ನೀನು ಹೆದರಿಕೊಂಡು ಅಲ್ಲೇ ಕೂತಿರಬೇಕು. ಹೋಗು, ಮಕ್ಕಳು ಕಾಯ್ತಿದ್ದಾವೆ."